ತೂಕ ಇಳಿಸುವ ಆಪರೇಷನ್: ಐಸಿಯು ಇದೆಯೇ ಎಂದು ಕೇಳಿದ್ದೀರಾ?

2024ರ ಏಪ್ರಿಲ್‌ನಲ್ಲಿ ಪುದುಚೇರಿಯ ಯುವಕನೊಬ್ಬ ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆಂದು ಚೆನ್ನೈ ಹೊರವಲಯದ ಖಾಸಗಿ ಆಸ್ಪತ್ರೆಗೆ ದಾಖಲಾದ. ಆಪರೇಷನ್ ವೇಳೆ ಸ್ಥಿತಿ ಬಿಗಡಾಯಿಸಿತು. ಬೇರೆ ಆಸ್ಪತ್ರೆಗೆ ಸಾಗಿಸಿದರೂ ಮರುದಿನ ತೀರಿಕೊಂಡ. ತನಿಖೆ ನಡೆಸಿದ ತಮಿಳುನಾಡು ಆರೋಗ್ಯ ಇಲಾಖೆ, ತುರ್ತು ಪರಿಸ್ಥಿತಿ ನಿಭಾಯಿಸುವ ಸೌಕರ್ಯ ಅಲ್ಲಿ ಸಾಲದೆಂದು ಕಂಡು ಆಸ್ಪತ್ರೆಯ ಪರವಾನಗಿಯನ್ನು ತಾತ್ಕಾಲಿಕವಾಗಿ ಅಮಾನತುಗೊಳಿಸಿತು.

ಹಾಗೆಂದು ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಯೇ ಬೇಡ ಎನ್ನುವುದು ಸರಿಯಲ್ಲ. (2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಸಾವಿಗೀಡಾದದ್ದು ಕೊಬ್ಬು ತೆಗೆಸುವ ಸೌಂದರ್ಯ ಚಿಕಿತ್ಸೆಯ ಬಳಿಕ, ಅದು ಬೇರೆಯೇ ಸಂಗತಿ.) ಜಠರವನ್ನು ಕಿರಿದುಗೊಳಿಸುವ ಈ ಚಿಕಿತ್ಸೆಯಿಂದ ಸಕ್ಕರೆ ಕಾಯಿಲೆ ಹತೋಟಿಗೆ ಬಂದವರು ಬಹಳ ಮಂದಿ. ಹೆಚ್ಚಿನವರಿಗೆ ಐಸಿಯು ಬೇಕಾಗುವುದೂ ಇಲ್ಲ. ಎರಡು ಮೂರು ದಿನಗಳಲ್ಲಿ ಮನೆಗೆ ಬರುತ್ತಾರೆ. ನಾವು ಇಲ್ಲಿ ಮಾತನಾಡುತ್ತಿರುವುದು ಉಳಿದ ಕೆಲವರ ಬಗ್ಗೆ.

ಅತಿಯಾದ ತೂಕವುಳ್ಳವರಲ್ಲಿ ಅನೇಕರಿಗೆ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇರುತ್ತದೆ. ಅರಿವಳಿಕೆಯ ಉಳಿಕೆ, ಅದರ ಮೇಲೆ ನೋವು ನಿವಾರಕ ಮದ್ದು ಸೇರಿದಾಗ ಆ ತೊಂದರೆ ಇನ್ನಷ್ಟು ಬಿಗಿಯಾಗುತ್ತದೆ. ಮಲಗಿದಾಗ ಹೊಟ್ಟೆಯ ಭಾರ ಶ್ವಾಸಕೋಶವನ್ನು ಒತ್ತುವುದರಿಂದ ರಕ್ತದಲ್ಲಿ ಆಮ್ಲಜನಕ ಬೇಗನೆ ಇಳಿಯುತ್ತದೆ. ಕುತ್ತಿಗೆ ದಪ್ಪವಿದ್ದರೆ ಉಸಿರಾಟದ ನಳಿಕೆ ಇಳಿಸುವುದೂ ಕಷ್ಟ. ಹೊಲಿಗೆಯಲ್ಲಿ ಸೋರಿಕೆಯಾದರೆ ಸಾಮಾನ್ಯ ರೋಗಿಯಲ್ಲಿ ಹೊಟ್ಟೆ ಗಟ್ಟಿಯಾಗಿ ಸುಳಿವು ಕೊಡುತ್ತದೆ. ಇವರಲ್ಲಿ ಅದು ಕೈಗೆ ಸಿಗದು, ಒಮ್ಮೊಮ್ಮೆ ನಾಡಿಮಿಡಿತ ಏರುವುದೊಂದೇ ಮೊದಲ ಲಕ್ಷಣ. ಕಾಲಿನ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಸೇರುವ ಅಪಾಯ ಬೇರೆ. ಇವನ್ನೆಲ್ಲ ಗಂಟೆಗಂಟೆಗೂ ಗಮನಿಸುವ ಕಣ್ಣು ಬೇಕು.

ಆಪರೇಷನ್ ಮಾಡುವ ವೈದ್ಯರ ಹೆಸರು, ಪ್ಯಾಕೇಜಿನ ದರ ಇವೆರಡನ್ನು ನಮ್ಮ ಕುಟುಂಬಗಳು ಚೆನ್ನಾಗಿ ವಿಚಾರಿಸುತ್ತವೆ. ಆದರೆ ಐಸಿಯು ಅದೇ ಕಟ್ಟಡದಲ್ಲಿದೆಯೇ, ರಾತ್ರಿ ಅರಿವಳಿಕೆ ತಜ್ಞರು ಇರುತ್ತಾರೆಯೇ ಎಂದು ಕೇಳುವವರು ವಿರಳ. ಮಂಚ ಮತ್ತು ಸಿ.ಟಿ. ಸ್ಕ್ಯಾನ್ ಯಂತ್ರ ರೋಗಿಯ ಭಾರ ತಾಳಬೇಕು. ಸ್ಕ್ಯಾನ್ ಯಂತ್ರಗಳಿಗೂ ಭಾರದ ಮಿತಿ ಉಂಟು. ಐಸಿಯು ದಿನಗಳ ಖರ್ಚು ಪ್ಯಾಕೇಜಿನೊಳಗಿದೆಯೇ ಎಂಬುದನ್ನು ಬರಹದಲ್ಲೇ ಪಡೆಯುವುದೊಳಿತು. ವಿಮೆ ಇದೆ ಎಂದು ನಿಶ್ಚಿಂತರಾಗುವಂತಿಲ್ಲ: ನಮ್ಮ ದೇಶದ ಪಾಲಿಸಿಗಳು ಸಾಮಾನ್ಯವಾಗಿ ಬಿ.ಎಂ.ಐ. 40 ಅಥವಾ ಹೆಚ್ಚಿದ್ದರೆ, ಇಲ್ಲವೇ ಗಂಭೀರ ಕಾಯಿಲೆಗಳ ಜೊತೆ 35 ಇದ್ದರೆ ಮಾತ್ರ ಈ ಚಿಕಿತ್ಸೆಯನ್ನು ಪರಿಗಣಿಸುತ್ತವೆ.

ಮನೆಗೆ ಬಂದ ಮೇಲೂ ಕೆಲವು ವಾರ ಎಚ್ಚರ ಬೇಕು. ಸೋರಿಕೆ ಒಂದೆರಡು ವಾರಗಳ ಬಳಿಕವೂ ತಲೆದೋರಬಹುದು. ರೋಗಿಗಳ ಮನೆಗೆ ಭೇಟಿ ಕೊಡುವ ವಾಳೆಯ ಗುರಿಕಾರರು, ಧರ್ಮಭಗಿನಿಯರು ಜ್ವರ, ಎದೆಬಡಿತ, ಏದುಸಿರು ಕಂಡರೆ 'ಗ್ಯಾಸ್ ಇರಬಹುದು' ಎಂದು ಸಮಾಧಾನ ಹೇಳದೆ ಆಪರೇಷನ್ ಆದ ಆಸ್ಪತ್ರೆಗೇ ಕಳುಹಿಸಲಿ. ವಾಂತಿ ನಿಲ್ಲದಿದ್ದರೆ ಬಿ-1 ಜೀವಸತ್ವ ಬರಿದಾಗಿ ನರಗಳಿಗೆ, ಮೆದುಳಿಗೆ ಹಾನಿಯಾಗುತ್ತದೆ. ಅಂಥವರಿಗೆ ಗ್ಲೂಕೋಸ್ ಏರಿಸುವ ಮೊದಲೇ ಆ ಇಂಜೆಕ್ಷನ್ ಕೊಡಬೇಕಾಗುತ್ತದೆ. ಆದ್ದರಿಂದ ಊರಿನ ಕ್ಲಿನಿಕ್ಕಿಗೆ ಹೋದರೂ ಇಂಥ ಶಸ್ತ್ರಚಿಕಿತ್ಸೆಯಾಗಿದೆ ಎಂದು ಮೊದಲ ಮಾತಿನಲ್ಲೇ ತಿಳಿಸಿ, ಡಿಸ್ಚಾರ್ಜ್ ಚೀಟಿ ತೋರಿಸಿ.