ಸೆಂಟ್ರಿಂಗ್ ಬಿಚ್ಚುವ ದಿನವನ್ನು ಯಾರು ಗೊತ್ತುಮಾಡಬೇಕು?

ಮೆಕ್ಕೆಜೋಳದ ಆವಕ ಆರಂಭವಾಗುವ ಮುನ್ನ ಗೋದಾಮು ಸಿದ್ಧವಾಗಬೇಕು, ದೀಪಾವಳಿಯ ಲಕ್ಷ್ಮೀಪೂಜೆ ಹೊಸ ಮಳಿಗೆಯಲ್ಲಿಯೇ ನಡೆಯಬೇಕು. ಹರಪನಹಳ್ಳಿ, ಬಾಗಳಿ, ಕೊಟ್ಟೂರು ಭಾಗದ ವರ್ತಕರು ಕಟ್ಟಡದ ಕೆಲಸ ಒಪ್ಪಿಸುವಾಗ ಮೇಸ್ತ್ರಿಗೆ ಹೇಳುವ ಮೊದಲ ಮಾತು ಸಾಮಾನ್ಯವಾಗಿ ಇದೇ. ಇದರಲ್ಲಿ ತಪ್ಪೇನೂ ಇಲ್ಲ. ಸಾಲದ ಬಡ್ಡಿ ಗೋಡೆ ಏಳುವವರೆಗೆ ಕಾಯುವುದಿಲ್ಲ. ಆದರೆ ಗಡುವು ಸಮೀಪಿಸಿದಂತೆ ಮೊದಲು ಕಡಿತವಾಗುವುದು ಸ್ಲ್ಯಾಬಿನ ಕೆಳಗೆ ಆಸರೆಗಳು ನಿಲ್ಲಬೇಕಾದ ದಿನಗಳು.

ಈ ದಿನಗಳ ಲೆಕ್ಕ ಮೇಸ್ತ್ರಿಯ ಅಂದಾಜಿಗೆ ಬಿಟ್ಟದ್ದಲ್ಲ. ಭಾರತೀಯ ಮಾನಕ ಐಎಸ್ 456ರ ಪ್ರಕಾರ 4.5 ಮೀಟರ್‌ವರೆಗಿನ ಅಂತರದ ಸ್ಲ್ಯಾಬಿಗೆ ಆಸರೆಗಳು ಕನಿಷ್ಠ 7 ದಿನ, ಅದಕ್ಕೂ ಹೆಚ್ಚಿನ ಅಂತರಕ್ಕೆ 14 ದಿನ ಇರಬೇಕು. 6 ಮೀಟರ್ ಮೀರಿದ ತೊಲೆಗಳಿಗೆ 21 ದಿನ. ಅದೂ ಸಾಧಾರಣ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ. ಇಂದು ಅಂಗಡಿಗಳಲ್ಲಿ ಹೆಚ್ಚಾಗಿ ದೊರೆಯುವ, ಹಾರುಬೂದಿ ಬೆರೆತ ಸಿಮೆಂಟು ನಿಧಾನವಾಗಿ ಬಲಗೊಳ್ಳುವುದರಿಂದ ಇನ್ನೂ ಹೆಚ್ಚು ತಾಳ್ಮೆ ಬೇಕು.

ಪರಿಶೀಲಿಸಲು ಸರ್ಕಾರವಿದೆಯಲ್ಲ ಎಂದು ಭಾವಿಸುವವರುಂಟು. ನಿರ್ಮಾಣ ಕಾರ್ಮಿಕರ 1996ರ ಕಾಯ್ದೆ ಅನ್ವಯವಾಗುತ್ತಿದ್ದುದು ಹತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಕಾಮಗಾರಿಗಳಿಗೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆಯೂ ಹತ್ತು ಜನರ ಮಿತಿಯನ್ನೇ ಉಳಿಸಿಕೊಂಡಿದೆ. ಆರೇಳು ಆಳುಗಳು ಕಟ್ಟುವ ಗೋದಾಮಿಗೆ ನಿರೀಕ್ಷಕರು ಬರುವುದಿಲ್ಲ. ಅಲ್ಲಿ ಮಾಲೀಕನೇ ನಿರೀಕ್ಷಕ. ಅವಸರಪಡಿಸುವವನೂ ಆತನೇ ಎಂಬುದು ತೊಡಕು.

2010ರ ಜನವರಿ 26ರಂದು ಬಳ್ಳಾರಿಯ ಗಾಂಧಿನಗರದಲ್ಲಿ ನಿರ್ಮಾಣ ಹಂತದ ಬಹುಮಹಡಿ ಕಟ್ಟಡ ಕುಸಿದು ಇಪ್ಪತ್ತಕ್ಕೂ ಹೆಚ್ಚು ಮಂದಿ ಅಸುನೀಗಿದರು. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ 19 ಮಂದಿ. ಎಲ್ಲ ಕುಸಿತಗಳಿಗೂ ಅವಸರವೇ ಕಾರಣವೆನ್ನಲಾಗದು. ಆದರೆ ಧಾರವಾಡದ ಕಟ್ಟಡದಲ್ಲಿ ಮೇಲೆ ಕೆಲಸ ಮುಗಿದಿರಲಿಲ್ಲ, ಕೆಳಗೆ ಅಂಗಡಿಗಳು ವ್ಯಾಪಾರ ಆರಂಭಿಸಿದ್ದವು. ಬಾಡಿಗೆಗೆ ಮಳಿಗೆ ಹುಡುಕುವ ವರ್ತಕರು ಇದನ್ನು ಮರೆಯುವಂತಿಲ್ಲ.

ಪರಿಹಾರವನ್ನು ಕರಾರು ಪತ್ರದಲ್ಲಿಯೇ ಬರೆಯಬಹುದು. ಸದ್ಯ ಕಂತುಗಳು ಬಿಡುಗಡೆಯಾಗುವುದು ‘ಸ್ಲ್ಯಾಬ್ ಬಿದ್ದ ಕೂಡಲೇ’. ಅದರ ಬದಲು ಕಾಂಕ್ರೀಟ್ ಹಾಕುವ ಮುನ್ನ ಕಂಬಿ ಮತ್ತು ಆಸರೆಗಳನ್ನೂ, ಬಿಚ್ಚುವ ಮುನ್ನ ದಿನಗಳ ಲೆಕ್ಕವನ್ನೂ ಎಂಜಿನಿಯರ್ ನೋಡಿ ಸಹಿ ಮಾಡಿದ ಮೇಲಷ್ಟೇ ಕಂತು ಸಲ್ಲಬೇಕು. ಆ ಎಂಜಿನಿಯರ್ ಗುತ್ತಿಗೆದಾರನಿಂದಲ್ಲ, ಮಾಲೀಕನಿಂದ ಸಂಭಾವನೆ ಪಡೆಯುವವನಾಗಿರಬೇಕು. ಇನ್ನೊಂದು ಸಂಗತಿ ಹೆಚ್ಚಿನವರ ಲಕ್ಷ್ಯಕ್ಕೆ ಬರುವುದೇ ಇಲ್ಲ: ಸೆಂಟ್ರಿಂಗ್ ಹಲಗೆ, ಕಂಬಗಳು ಬಹುತೇಕ ಬಾಡಿಗೆಯವು. ಒಂದೊಂದು ದಿನ ಹೆಚ್ಚಾದಂತೆ ನಷ್ಟ ಮೇಸ್ತ್ರಿಯ ಪಾಲಿಗೆ; ಆದ್ದರಿಂದಲೇ ಆತನಿಗೆ ಬೇಗ ಬಿಚ್ಚುವ ಆತುರ. ನಿಗದಿತ ದಿನಗಳವರೆಗಿನ ಬಾಡಿಗೆಯನ್ನು ಮಾಲೀಕನೇ ಪ್ರತ್ಯೇಕವಾಗಿ ಭರಿಸುವುದೆಂದು ಕರಾರಿನಲ್ಲಿ ಒಂದು ಸಾಲು ಸೇರಿಸಿದರೆ ಆ ಆತುರಕ್ಕೆ ಕಾರಣವೇ ಉಳಿಯದು.