ಗಂಜೀಫಾ ಎಲೆ ಅಮೆರಿಕಕ್ಕೆ ಹೋಗಬೇಕಿಲ್ಲ

ಮನೆಯಲ್ಲಿ ಇಸ್ಪೀಟಿನಂತೆ ಆಡುವ ಹಳೆಯ ಗಂಜೀಫಾ ಎಲೆಗಳಿದ್ದರೆ ಅವನ್ನು ಗ್ರೇಡ್ ಮಾಡಿಸಲೆಂದು ಹೊರದೇಶಕ್ಕೆ ಕಳಿಸಬೇಡಿ. ಅವುಗಳ ಅಸಲಿತನ, ವಯಸ್ಸು ನೋಡಿ ಹೇಳುವ ಏರ್ಪಾಡು ಮೈಸೂರಿನಲ್ಲೋ ಶ್ರೀರಂಗಪಟ್ಟಣದಲ್ಲೋ ಆಗಬೇಕು. ಬೂಕನಕೆರೆಯ ನಿವೃತ್ತ ಡ್ರಾಯಿಂಗ್ ಮೇಷ್ಟ್ರಾದ ನಾನು ಈ ಮಾತು ಬರೆಯುವುದಕ್ಕೆ ಕಾರಣವಿದೆ.

ನನ್ನ ಅಣ್ಣನ ಮಗ ಅಮೆರಿಕದಲ್ಲಿದ್ದಾನೆ. ಹಳೆಯ ಬೇಸ್‌ಬಾಲ್ ಕಾರ್ಡುಗಳನ್ನು ಕೂಡಿಡುವುದು ಅವನ ಹವ್ಯಾಸ. ಅಲ್ಲಿ ಇಂಥ ಕಾರ್ಡುಗಳಿಗೆ ದರ್ಜೆ ಕೊಡುವ ಕಂಪನಿಗಳೇ ಇವೆ. ಪಿಎಸ್‌ಎ ಎಂಬುದು 1991ರಲ್ಲಿ ಶುರುವಾಗಿದ್ದು. ಕಾರ್ಡನ್ನು ತೆಳುವಾದ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಅರ್ಜಿ ತುಂಬಿ, ಇಷ್ಟು ಬೆಲೆಬಾಳುತ್ತದೆಂದು ಬರೆದು, ಶುಲ್ಕ ಕಟ್ಟಿ ಕಳಿಸಬೇಕು. ಅವರು ನಾಲ್ಕು ಮೂಲೆ, ಅಂಚು, ಮೇಲ್ಮೈ ನೋಡುತ್ತಾರೆ, ಚಿತ್ರ ನಟ್ಟನಡುವೆ ಅಚ್ಚಾಗಿದೆಯೇ ಎಂದು ಅಳೆಯುತ್ತಾರೆ. ಒಂದರಿಂದ ಹತ್ತರೊಳಗೆ ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ಕಿನೊಳಗೆ ಮುಚ್ಚಿ ವಾಪಸ್ಸು ಕಳಿಸುತ್ತಾರೆ. ಎಂಟು ಬಂದ ಕಾರ್ಡಿಗೂ ಹತ್ತು ಬಂದ ಕಾರ್ಡಿಗೂ ಬೆಲೆಯಲ್ಲಿ ಅಜಗಜಾಂತರ.

ಹೋದ ಸಲ ಊರಿಗೆ ಬಂದವನು ನಮ್ಮ ಹಿತ್ತಾಳೆ ಡಬ್ಬಿಯಲ್ಲಿದ್ದ ಎಲೆಗಳನ್ನು ನೋಡಿದ. “ಚಿಕ್ಕಪ್ಪ, ಇವನ್ನ ನಂಗೆ ಕೊಡಿ. ಅಲ್ಲಿ ಯಾರತ್ರನಾದ್ರೂ ಗ್ರೇಡ್ ಮಾಡಿಸ್ತೀನಿ” ಅಂದ. “ಬೇಡ ಕಣೋ ಮಗಾ, ಇವು ದೇಶ ದಾಟಂಗಿಲ್ಲ” ಅಂದೆ. ಅವನಿಗೆ ಬೇಜಾರಾಯಿತು. ಪ್ರೀತಿಯಿಂದಲೇ ಕೇಳಿದ್ದ ಹುಡುಗ.

ಆ ಎಲೆಗಳು ನನ್ನ ತಾಯಿಯ ಜೊತೆ ಶ್ರೀರಂಗಪಟ್ಟಣದ ತವರಿನಿಂದ ಬಂದವು. ಇಡೀ ಕಟ್ಟಲ್ಲ, ಉಳಿದಿರುವುದು ಬೆರಳೆಣಿಕೆಯಷ್ಟು. ಸುಮಾರು ಎರಡಂಗುಲದ ದುಂಡಗಿನ ಎಲೆಗಳು. ಹುಣಸೆಬೀಜದ ಸರಿಯಲ್ಲಿ ಬಟ್ಟೆಯ ಪದರ ಅಂಟಿಸಿ ಗಟ್ಟಿ ಮಾಡಿ, ಬಣ್ಣ ಬರೆದು, ಅರಗಿನ ಹೊಳಪು ಕೊಟ್ಟಿದ್ದಾರೆ. ಒಂದರಲ್ಲಿ ಪರಶುರಾಮನ ಗುರುತಾದ ಕೊಡಲಿಗಳಿವೆ, ಮೂರು ಮೇಲೆ, ಮೂರು ಕೆಳಗೆ. ಹಿಂಬದಿ ಬರೀ ಕೆಂಪು. ಎಡಗಡೆಯ ಅಂಚಿನಲ್ಲಿ ಹೆಬ್ಬೆರಳು ಕೂರುವ ಜಾಗದಲ್ಲಿ ಬಣ್ಣ ಸವೆದು ಬಟ್ಟೆಯ ನೂಲು ಕಾಣುತ್ತದೆ. ಇನ್ನೊಂದು ಎಲೆಯ ಕೆಂಪು ಬೇರೆಯದೇ ಕೆಂಪು, ಕುಂಚದ ಗೆರೆಯೂ ದಪ್ಪ. ಕಳೆದುಹೋದ ಎಲೆಗೆ ಬದಲಾಗಿ ಯಾರೋ ಚಿತ್ರಗಾರರಿಂದ ಆಮೇಲೆ ಬರೆಸಿದ್ದೆಂದು ನನ್ನ ಊಹೆ.

ಇನ್ನು ಕಾನೂನಿನ ಮಾತು. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಲೆ, ಕಸುಬಿನ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ಸಾಗಿಸಿದರೆ ಕನಿಷ್ಠ ಆರು ತಿಂಗಳು, ಗರಿಷ್ಠ ಮೂರು ವರ್ಷ ಜೈಲು, ಮೇಲೆ ದಂಡ. ಗ್ರೇಡಾಗಿ ವಾಪಸ್ಸು ಬರುತ್ತದಲ್ಲ ಎಂಬ ಸಮಜಾಯಿಷಿ ನಡೆಯುವುದಿಲ್ಲ. ವಯಸ್ಸೇ ಗೊತ್ತಿಲ್ಲದಿದ್ದರೆ, ಇದು ಪ್ರಾಚ್ಯವಸ್ತುವಲ್ಲ ಎಂದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಮೊದಲು ಬರೆಸಿಕೊಳ್ಳಬೇಕು. ಟಿಪ್ಪು ಕಾಲದ ಶ್ರೀರಂಗಪಟ್ಟಣದ ಟಂಕಸಾಲೆಯ ಆನೆ ಕಾಸು ಇಟ್ಟುಕೊಂಡವರಿಗೂ ಇದೇ ಮಾತು.

ಕಾನೂನು ಅಡ್ಡ ಬರದಿದ್ದರೂ ನಾನು ಕಳಿಸುತ್ತಿರಲಿಲ್ಲ. ಅಚ್ಚಿನಲ್ಲಿ ಒಂದೇ ಥರ ಬಂದ ಸಾವಿರಾರು ಕಾರ್ಡುಗಳಲ್ಲಿ ಯಾವುದು ಮುಕ್ಕಾಗದೆ ಉಳಿದಿದೆ ಎಂದು ಹುಡುಕಲು ಮಾಡಿಕೊಂಡ ಅಳತೆ ಪಿಎಸ್‌ಎಯ ಅಂಕ. ಆ ಕೆಲಸಕ್ಕೆ ಸರಿಯಾಗಿಯೇ ಇದೆ. ಕೈಯಲ್ಲಿ ಬರೆದ ದುಂಡನೆಯ ಎಲೆಗೆ ಮೂಲೆಯೇ ಇಲ್ಲ. ಬೇಸ್‌ಬಾಲ್ ಕಾರ್ಡಿಗೆ ಆಮೇಲೆ ಬಣ್ಣ ಹಚ್ಚಿದ್ದರೆ ಅದಕ್ಕೆ ಅಂಕವಿಲ್ಲ. ನಮ್ಮ ಡಬ್ಬಿಯ ಆ ದಪ್ಪ ಗೆರೆಯ ಎಲೆ ಮಾತ್ರ, ಆಟ ನಿಲ್ಲಬಾರದೆಂದು ಒಂದು ಮನೆಯವರು ದುಡ್ಡು ಕೊಟ್ಟು ಬರೆಸಿದ್ದಕ್ಕೆ ಸಾಕ್ಷಿ. ನನಗೆ ಅದೇ ಹೆಚ್ಚು. ಆಡುವ ಎಲೆ ಸವೆಯುವುದೂ ಸಹಜವೇ. ದಶಾವತಾರದ ಕಟ್ಟಿನಲ್ಲಿ ಅವತಾರಕ್ಕೊಬ್ಬ ರಾಜ, ಒಬ್ಬ ಮಂತ್ರಿ, ಒಂದರಿಂದ ಹತ್ತರವರೆಗಿನ ಎಲೆಗಳು, ಒಟ್ಟು 120. ಹಗಲಾದರೆ ರಾಮನ ಎಲೆ ಇದ್ದವರು ಆಟ ಶುರು ಮಾಡಬೇಕು, ರಾತ್ರಿಯಾದರೆ ಕೃಷ್ಣನದು ಇದ್ದವರು. ಮುಮ್ಮಡಿ ಕೃಷ್ಣರಾಜ ಒಡೆಯರು ಇಷ್ಟಕ್ಕೇ ತೃಪ್ತರಾಗದೆ ಹೊಸ ಹೊಸ ‘ಛದ’ ಆಟಗಳನ್ನು ಕಟ್ಟಿದರು. ಅವುಗಳಲ್ಲಿ ಚಾಮುಂಡೇಶ್ವರಿ ಛದಕ್ಕೆ 320 ಎಲೆ! ಅವರ ಶ್ರೀತತ್ತ್ವನಿಧಿ ಗ್ರಂಥದ ಕೌತುಕನಿಧಿ ಭಾಗದಲ್ಲಿ ಇವುಗಳ ವಿವರವಿದೆ. ಆ ಗ್ರಂಥದ ಚಿತ್ರಗಳನ್ನೂ ನಮ್ಮ ಎಲೆಗಳನ್ನೂ ಪಕ್ಕಪಕ್ಕ ಇಟ್ಟು ನೋಡಬಲ್ಲ ಕಣ್ಣು ಬೇಕು. ಆ ಕಣ್ಣು ಅಂಕಕ್ಕಿಂತ ದೊಡ್ಡದು.

ಅಂಕವೂ ಕೆಲವೊಮ್ಮೆ ಎಡವುತ್ತದೆ. ಹೋನಸ್ ವ್ಯಾಗ್ನರ್ ಎಂಬ ಆಟಗಾರನ, 1909ರ ಸುಮಾರಿನ ತಂಬಾಕು ಕಂಪನಿಯ ಕಾರ್ಡೊಂದು ಪಿಎಸ್‌ಎ ದರ್ಜೆ ಕೊಟ್ಟ ಮೊಟ್ಟಮೊದಲ ಕಾರ್ಡು. ಎಂಟು ಅಂಕ ಪಡೆದು ಜಗತ್ಪ್ರಸಿದ್ಧವಾಯಿತು. 2013ರಲ್ಲಿ ಹರಾಜುದಾರ ಬಿಲ್ ಮಾಸ್ಟ್ರೊ, ಅದರ ಅಂಚು ಕತ್ತರಿಸಿ ಅಂದಗೊಳಿಸಿದ್ದು ತಾನೇ ಎಂದು ಒಪ್ಪಿಕೊಂಡ.

ಹಾಗೆಂದು ಮೂರನೆಯವರ ಪರೀಕ್ಷೆಯೇ ಬೇಡ ಎನ್ನುವವನು ನಾನಲ್ಲ. ಹೊಸ ಎಲೆಗೆ ಹೊಗೆ ಕೊಟ್ಟು, ಅಂಚು ಉಜ್ಜಿ, ರಾಜರ ಕಾಲದ್ದೆಂದು ಮಾರುವುದು ಕಷ್ಟದ ಕೆಲಸವೇನಲ್ಲ. ಅತ್ತ ನಿಜವಾಗಿ ಹಳೆಯದಾದ ಎಲೆ ಗುಜರಿಯವನ ಕೈಸೇರಬಹುದು. ಮೈಸೂರು ಗಂಜೀಫಾಕ್ಕೆ ಭೌಗೋಳಿಕ ಸೂಚಿ (ಜಿಐ) ಮಾನ್ಯತೆಯೇನೋ ಇದೆ. ಅದು ಇವತ್ತು ಬರೆಯುವವರ ಕಸುಬಿಗೆ ರಕ್ಷಣೆ, ಹಳೆಯ ಪೆಟ್ಟಿಗೆಯಲ್ಲಿರುವ ಎಲೆಗೆ ಅದರಿಂದ ಏನೂ ಆಗುವುದಿಲ್ಲ.

ಬೇಕಾದವರೆಲ್ಲ ಹತ್ತಿರದಲ್ಲೇ ಇದ್ದಾರೆ. ಗಂಜೀಫಾ ಬರೆದೇ ಬದುಕಿದ ರಘುಪತಿ ಭಟ್ಟರಂಥವರು ಶ್ರೀರಂಗಪಟ್ಟಣದಲ್ಲಿ ಈ ಕಲೆಗೆ ಮತ್ತೆ ಜೀವ ಕೊಟ್ಟಿದ್ದಾರೆ. ರಾಜ್ಯ ಪುರಾತತ್ವ ಇಲಾಖೆ ಮೈಸೂರಿನಲ್ಲಿದೆ. ಬಣ್ಣ, ಬಟ್ಟೆ, ಅರಗು ಪರೀಕ್ಷಿಸಬಲ್ಲ ಪ್ರಾದೇಶಿಕ ಸಂರಕ್ಷಣಾ ಪ್ರಯೋಗಾಲಯವೂ ಅಲ್ಲೇ ಇದೆ. ಹೋಲಿಸಲು ಜಗನ್ಮೋಹನ ಅರಮನೆಯ ಎಲೆಗಳಿವೆ. ಇವರೆಲ್ಲ ತಿಂಗಳಿಗೊಂದು ದಿನ ಒಂದು ಮೇಜಿನ ಸುತ್ತ ಕೂತರೆ, ಕೆ.ಆರ್. ಪೇಟೆ, ನಾಗಮಂಗಲದವರು ಡಬ್ಬಿ ಹಿಡಿದು ಬೆಳಗಿನ ಬಸ್ಸಿಗೆ ಹೋಗಿ ಸಂಜೆಗೆ ಊರು ಸೇರಬಹುದು. ಎಲೆ ಜನರ ಹತ್ತಿರವೇ ಇರಲಿ, ಕಸಿದುಕೊಳ್ಳುತ್ತಾರೆಂಬ ಭಯ ಬಂದರೆ ಯಾರೂ ಡಬ್ಬಿ ತೆರೆಯುವುದಿಲ್ಲ. ಎರಡೂ ಬದಿಯ ಫೋಟೊ, ಏತರಿಂದ ಮಾಡಿದ್ದು, ಸುಮಾರು ಯಾವ ಕಾಲದ್ದು, ಎಲ್ಲಿ ರಿಪೇರಿಯಾಗಿದೆ, ಯಾರ ಮನೆಯಿಂದ ಬಂತು ಎಂದು ಬರೆದ ಒಂದು ಕಾಗದ ಕೈಗೆ ಕೊಟ್ಟು, ಅದರ ಪ್ರತಿ ಇಲಾಖೆಯಲ್ಲಿ ಇಟ್ಟುಕೊಂಡರಾಯಿತು.

ಅಲ್ಲಿಯವರೆಗೆ ಎಲೆಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಹುಣಸೆ ಸರಿ ಬಿಟ್ಟುಕೊಳ್ಳುತ್ತದೆ. ಲ್ಯಾಮಿನೇಷನ್ ಮಾಡಿಸಬೇಡಿ, ಟೇಪು ಹಚ್ಚಬೇಡಿ. ಮನೆಯಲ್ಲಿ ಆ ಆಟ ಆಡಿದ ಅಜ್ಜಿಯರಿದ್ದರೆ ಯಾರ ಜೊತೆ, ಹೇಗೆ ಆಡುತ್ತಿದ್ದರೆಂದು ಈ ವಾರವೇ ಕೇಳಿ ಬರೆದಿಡಿ.