ದನ ಸತ್ತರೂ ಸಾಲ ಸಾಯುವುದಿಲ್ಲ



ಹಾಲಿನ ದರ ಲೀಟರಿಗೆ ಒಂದು ರೂಪಾಯಿ ಏರಿಸಿ ಅಂತ ನಾವು ಕೇಳುತ್ತೇವೆ. ಕೇಳಲೇಬೇಕು. ಆದರೆ ಹಟ್ಟಿಯಲ್ಲಿ ಸಾಲದ ದನ ಒಂದು ಬಿದ್ದರೆ ವರ್ಷದ ಹಾಲಿನ ಲೆಕ್ಕವೇ ಮುಳುಗಿತು. ಆ ಹೊತ್ತಿಗೆ ಬೇಕಾದದ್ದು ದರವಲ್ಲ, ಡಾಕ್ಟ್ರು.

ಒಳ್ಳೆ ಹಾಲು ಕೊಡುವ ದನ ಕರು ಹಾಕಿದ ಮಾರನೇ ದಿನ ಕುತ್ತಿಗೆ ತಿರುಗಿಸಿ ಮಲಗಿಬಿಡುವುದನ್ನು ನೀವು ಕಂಡಿದ್ದೀರಿ. ಇದು ಹಾಲು ಜ್ವರ. ಹೊತ್ತಿಗೆ ಸರಿಯಾಗಿ ರಕ್ತನಾಳಕ್ಕೆ ಕ್ಯಾಲ್ಸಿಯಂ ಹೋದರೆ ಹೆಚ್ಚಿನ ದನಗಳು ಎದ್ದು ನಿಲ್ಲುತ್ತವೆ. ತಡವಾದರೆ ಹಗ್ಗ ಮಾತ್ರ ಉಳಿಯುತ್ತದೆ. ವಿಮೆ ಉಂಟಲ್ಲ ಅನ್ನುತ್ತೀರಾ? ಅದಕ್ಕೂ ಪಶುವೈದ್ಯರ ಸರ್ಟಿಫಿಕೇಟು ಬೇಕು. 1984ರ ಭಾರತೀಯ ಪಶುವೈದ್ಯ ಪರಿಷತ್ತು ಕಾಯಿದೆಯ ಪ್ರಕಾರ ಅಂಥ ಕಾಗದಕ್ಕೆ ನೋಂದಾಯಿತ ವೈದ್ಯರೇ ಸಹಿ ಹಾಕಬೇಕು. ಡಾಕ್ಟ್ರಿಲ್ಲದ ಊರಲ್ಲಿ ದನವೂ ಹೋಯಿತು, ವಿಮೆಯೂ ಹೋಯಿತು. ಬ್ಯಾಂಕಿನ ಕಂತು ಮಾತ್ರ ತಪ್ಪದೆ ಬರುತ್ತದೆ.

5000 ಜಾನುವಾರಿಗೆ ಒಬ್ಬ ಪಶುವೈದ್ಯರಾದರೂ ಬೇಕೆಂದು ರಾಷ್ಟ್ರೀಯ ಕೃಷಿ ಆಯೋಗ 1976ರಲ್ಲೇ ಹೇಳಿತ್ತು. ನಮ್ಮ ರಾಜ್ಯದಲ್ಲಿ ಕಾಲೇಜು ಇಲ್ಲವೆಂದಲ್ಲ. ಹೆಬ್ಬಾಳದಲ್ಲಿ 1958ರಲ್ಲಿ ಶುರುವಾಯಿತು. ಆಮೇಲೆ ಬೀದರ್, ಹಾಸನ, ಶಿವಮೊಗ್ಗ, ಗದಗಗಳಲ್ಲಿ ಆಯಿತು. ಬೀದರಿನಲ್ಲಿ ಇದಕ್ಕೆಂದೇ ವಿಶ್ವವಿದ್ಯಾಲಯವೂ ಆಯಿತು; ಅದರ ಕಾಯಿದೆ 2004ರದ್ದು. ಕರಾವಳಿಗೆ ಬಂದದ್ದೇನು? ಕಡಬ ತಾಲೂಕಿನ ಕೊಯಿಲದ ಕಾಲೇಜಿನ ಮಾತು ವರ್ಷಗಟ್ಟಲೆ ಕೇಳಿದ್ದೇವೆ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಮಕ್ಕಳಿಗೆ ಶಿವಮೊಗ್ಗವೆಂದರೂ ಘಟ್ಟ ಹತ್ತಬೇಕು.

ಪಶುವೈದ್ಯ ಪದವಿಗೆ ಐದೂವರೆ ವರ್ಷ. ಕೊನೆಯ ಒಂದು ವರ್ಷ ಕೆಲಸ ಮಾಡುತ್ತಲೇ ಕಲಿಯುವ ಇಂಟರ್ನ್‌ಶಿಪ್. ಈ ವಿದ್ಯೆಗೆ ಸರಕಾರ ಸುರಿಯುವ ಹಣ ಯಾರದ್ದು? ನಿಮ್ಮ ನಮ್ಮ ತೆರಿಗೆಯದ್ದು. ಹಾಗಾದರೆ ಆ ಒಂದು ವರ್ಷದಲ್ಲಿ ಕೆಲವು ತಿಂಗಳನ್ನಾದರೂ ನಮ್ಮ ತಾಲೂಕು ಆಸ್ಪತ್ರೆಗಳಲ್ಲಿ, ಹಿರಿಯ ವೈದ್ಯರ ಕೈಕೆಳಗೆ ಯಾಕೆ ಕಳೆಯಬಾರದು? ಮಳೆಗಾಲದ ಒದ್ದೆ ಹಟ್ಟಿಯಲ್ಲಿ ಕೆಚ್ಚಲು ಬಾವು ಹೇಗೆ ಬರುತ್ತದೆ, ಬೂಸಲು ಹಿಡಿದ ಕುತ್ರಿಯ ಹುಲ್ಲು ತಿಂದ ಗಂಟಿ ಹೇಗೆ ಬಡಕಲಾಗುತ್ತದೆ, ಸೆಕೆಗೆ ಮಿಶ್ರತಳಿ ದನ ಯಾಕೆ ಏದುಸಿರು ಬಿಡುತ್ತದೆ, ಮಲೆನಾಡು ಗಿಡ್ಡ ಯಾಕೆ ತಾಳಿಕೊಳ್ಳುತ್ತದೆ, ಇದನ್ನೆಲ್ಲ ಕಲಿಯಲು ನಮ್ಮ ಹಟ್ಟಿಗಿಂತ ದೊಡ್ಡ ಶಾಲೆ ಬೇಕೆ?

ಡಾಕ್ಟ್ರುಗಳ ಮೇಲೆ ನಮಗೆ ಸಿಟ್ಟಿಲ್ಲ. ಹುದ್ದೆ ಖಾಲಿ ಬಿಟ್ಟು ಒಬ್ಬರ ತಲೆಗೆ ಎರಡು ಮೂರು ಆಸ್ಪತ್ರೆ ಕಟ್ಟಿದರೆ ಅವರಾದರೂ ಏನು ಮಾಡಿಯಾರು? 1962ಕ್ಕೆ ಫೋನು ಮಾಡಿದರೆ ಗಾಡಿ ಬರುವ ವ್ಯವಸ್ಥೆ ಒಳ್ಳೆಯದೇ. ಆದರೆ ಗಾಡಿ ಮದ್ದು ಕೊಡುವುದಿಲ್ಲ, ಅದರಲ್ಲಿ ಕೂತ ವೈದ್ಯರು ಕೊಡಬೇಕು.

ಆದ್ದರಿಂದ ಎರಡು ಕೆಲಸ ಮಾಡಿ. ನಿಮ್ಮ ಹಾಲಿನ ಸೊಸೈಟಿಯ ಮಹಾಸಭೆಯಲ್ಲಿ ಠರಾವು ಮಾಡಿ: ಖಾಲಿ ಹುದ್ದೆ ತುಂಬಬೇಕು, ಇಂಟರ್ನ್‌ಶಿಪ್ ಹಳ್ಳಿಗೆ ಬರಬೇಕು. ಇನ್ನೊಂದು, ಹಟ್ಟಿ ಕೆಲಸ ಬಲ್ಲ ನಿಮ್ಮ ಮಗನೋ ಮಗಳೋ ಪಿಯುಸಿಯಲ್ಲಿ ವಿಜ್ಞಾನ ಓದುತ್ತಿದ್ದರೆ ಈ ಕಾಲೇಜುಗಳಿಗೆ ಅರ್ಜಿ ಹಾಕಿಸಿ. ರೈತರ ಮಕ್ಕಳಿಗೆಂದೇ ಅಲ್ಲಿ ಸೀಟುಗಳಿವೆ. ಅದಕ್ಕೆ ದಾಖಲೆ ಬೇಕು, ಪ್ರಾಯೋಗಿಕ ಪರೀಕ್ಷೆಯೂ ಉಂಟು. ತಿಳಿಯದೆ ತಾರೀಕು ದಾಟಿಸಬೇಡಿ.

ದರ ಕೇಳಲು ಒಟ್ಟಾದವರು ಡಾಕ್ಟ್ರನ್ನು ಕೇಳಲೂ ಒಟ್ಟಾಗೋಣ.